ಎದ್ದು ನಿಂತವರ ಪಟ

“ಏ ಕಾಡು ಮುಂಡೆ, ಮೆತ್ತಗೆ ಒರೆಸು! ಪಟದ ಬಣ್ಣ ಕಿತ್ತು ಬಂದ್ರೆ ನಿಮ್ಮಪ್ಪ ಬಂದು ಹಚ್ತಾನಾ?”

ಮೇಸ್ತ್ರಿ ಕೂಗಿದ್ದು ನನಗೆ. ಈ ಸಭಾಭವನದಲ್ಲಿ ಕಸ ಗುಡಿಸಿ ಕಕ್ಕಸು ತೊಳೆಯುವ ಹೆಂಗಸರಿಗೆಲ್ಲ ಅವನೇ ಯಜಮಾನ. ಬೆಟ್ಟದಿಂದ ಇಳಿದು ಬಂದ ನಾವೆಲ್ಲ ಅವನ ಬಾಯಲ್ಲಿ ಕಾಡು ಮುಂಡೆಯರೇ. ನನ್ನಪ್ಪ ಸತ್ತು ಮಣ್ಣಾಗಿದ್ದಾನೆ. ಆ ಮಣ್ಣಿನ ಮೇಲೆ ಈಗ ಗಣಿ ಲಾರಿಗಳು ಓಡಾಡುತ್ತವೆ. ಅವನು ಎದ್ದು ಬಂದು ಬಣ್ಣ ಹಚ್ಚುವುದು ಸ್ವಲ್ಪ ಕಷ್ಟ.

ವೇದಿಕೆಯ ಪಕ್ಕ ಹೊಸದಾಗಿ ನಿಲ್ಲಿಸಿದ್ದ ಪಟ ನನ್ನ ಎರಡಾಳೆತ್ತರ ಇತ್ತು. ಕೆಳಗಿನಿಂದ ಒರೆಸುತ್ತಾ ಹೋದೆ. ಮೊದಲು ಕಾಲುಗಳು, ಆಮೇಲೆ ಸೀರೆಯ ಅಂಚು. ಆ ಅಂಚನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿ ಹಿಂದೆ ಸರಿದು ತಲೆಯೆತ್ತಿದೆ. ಅವ್ವ ನಿಂತಿದ್ದಳು. ಅವಳ ಪಕ್ಕದಲ್ಲಿ ನನ್ನ ಅಣ್ಣನ ಹೆಂಡತಿ, ಅತ್ತಿಗೆ. ಅವಳ ಹಿಂದೆ ಪೆದ್ದಿಯ ಹಾಗೆ ಬಾಯಿ ತೆರೆದುಕೊಂಡು ನಾನು. ಇಡೀ ಕೇರಿಯೇ ಎದ್ದು ನಿಂತಿತ್ತು.

ಏಣಿಯ ಮೇಲೆ ತಂತಿ ಕಟ್ಟುತ್ತಿದ್ದ ಮೈಕಿನವನನ್ನು ಕೇಳಿದೆ. “ಅಣ್ಣಾ, ಇದರ ಕೆಳಗೆ ಏನೋ ಬರೆದವ್ರಲ್ಲ, ಏನದು?”

ಅವನು ಬಗ್ಗಿ ಓದಿದ. “‘ಗಣಿ ಯೋಜನೆಗೆ ಎದ್ದು ನಿಂತು ಸಮ್ಮತಿ ಸೂಚಿಸುತ್ತಿರುವ ಬೆಟ್ಟದ ಜನ.’ ಯಾಕಮ್ಮಾ?”

“ಇದು ನಾವು.”

“ಹೌದಾ? ಹಂಗಾದ್ರೆ ನಿಮ್ ಸಲುವಾಗೇ ಇವತ್ತಿನ ಸಭೆ. ಹೊರದೇಶದಿಂದ ವಿಚಾರಣೆಗೆ ಬರ್ತಾರಂತೆ. ಒಪ್ಪಿಗೆ ಇಲ್ದೆ ನಿಮ್ಮಂಥೋರನ್ನ ನೆಲ ಬಿಡಿಸಬಾರ್ದು ಅಂತ ದೇಶದೇಶಗಳು ಸೇರಿ ಮಾತಾಡ್ಕೊಂಡಿದಾವಂತೆ. ನಮ್ ಸರ್ಕಾರನೂ ರುಜು ಹಾಕಿದೆಯಂತೆ. ಅವರು ಎಲ್ಲಾ ಸರಿಯಾಗಿದೆ ಅಂದ್ರೆ ಉಳಿದ ಮನೆಗಳನ್ನೂ ಕೀಳ್ತಾರೆ.”

ಉಳಿದ ಮನೆಗಳಲ್ಲಿ ಅವ್ವನದೊಂದು. ಅವಳನ್ನು ಬಿಟ್ಟು ಬರಲಾರದೆ ಅಣ್ಣನೂ ಅಲ್ಲೇ ಇದ್ದಾನೆ. ಅತ್ತಿಗೆಯ ತವರು ಮೂರು ಮನೆ ಆಚೆಗೆ.

ಆ ಪಟ ಹೊಡೆದ ದಿನ ನನಗೆ ಚೆನ್ನಾಗಿ ನೆನಪಿದೆ. ಗಣಿ ಇಲಾಖೆಯ ಸಾಹೇಬ ಜೀಪಿನಲ್ಲಿ ಬಂದಿದ್ದ. ಚಾಪೆ ಹಾಸಿದೆವು, ನೀರು ಕೊಟ್ಟೆವು. ಅವನು ಏನೇನೋ ಹೇಳಿದ. ನೆಲದ ಮಾತಿಗೆ ಕೇಳಿದ ದಿನವೇ ಉತ್ತರ ಕೊಡುವವರಲ್ಲ ನಾವು. ಎಲ್ಲರೂ ಕೂತು, ಜಗಳವಾಡಿ, ಅತ್ತು, ಆಮೇಲೆ ಹೇಳುವುದು. ಅವ್ವ ಅದನ್ನೇ ಅಂದಳು: “ಯೋಚ್ನೆ ಮಾಡ್ತೀವಪ್ಪಾ, ಇನ್ನೊಂದು ಸಲ ಬಾ.” ಅವನು ಆಗಲಿ ಎಂದು ಎದ್ದ. ಬಂದವರು ಎದ್ದರೆ ನಮ್ಮಲ್ಲಿ ಮುದುಕರೂ ಕೂತಿರುವುದಿಲ್ಲ, ಅಂಗಳ ದಾಟುವವರೆಗೂ ನಿಂತು ಕಳಿಸಿಕೊಡುತ್ತೇವೆ. ಎಲ್ಲರೂ ಎದ್ದೆವು. ಅವನ ಜೊತೆಗಿದ್ದವನು ಪಟ ಹೊಡೆದುಕೊಂಡ. ನಮಗೆ ಖುಷಿಯೇ ಆಗಿತ್ತು, ಹಾಳಾದವರಿಗೆ! ಮರ್ಯಾದೆ ಕೊಟ್ಟದ್ದೇ ನಮ್ಮ ಕುತ್ತಿಗೆಗೆ ಬಂತು. ಸಾಹೇಬ ಮತ್ತೆ ಬರಲೇ ಇಲ್ಲ, ಪೊಲೀಸರ ಲಾರಿ ಬಂತು. ಕೆಳಗಿನ ಸಾಲಿನ ಮನೆಗಳು ಅವತ್ತೇ ಹೋದವು, ನನ್ನದೂ ಸೇರಿ.

ಅದೇ ಸಾಹೇಬ ಈಗ ಧುಮುಗುಡುತ್ತಾ ಒಳಗೆ ಬಂದ. ಬೆಟ್ಟದವರ ಪರವಾಗಿ ಮಾತಾಡಲು ಅವನು ಗೊತ್ತು ಮಾಡಿದ್ದ ಮುದುಕ ಬೆಳಗ್ಗೆಯೇ ಕುಡಿದು ಬಿದ್ದಿದ್ದನಂತೆ.

“ಇವಳು ಆ ಬೆಟ್ಟದವಳೇ ಸಾರ್, ಇವಳವ್ವ ಇನ್ನೂ ಮೇಲೇ ಇದಾಳೆ,” ಎಂದು ಮೇಸ್ತ್ರಿ ನನ್ನ ರಟ್ಟೆ ಹಿಡಿದು ಮುಂದೆ ತಳ್ಳಿದ.

ಸಾಹೇಬ ದನ ನೋಡುವವನಂತೆ ಸುತ್ತಲೂ ನೋಡಿದ. “ಸೀರೆ ಬೇಡ. ನಾಟಕದ ಅಂಗಡಿಯಿಂದ ತಂದಿದೀವಲ್ಲ, ಆ ಮಣಿ, ಗರಿ ಎಲ್ಲ ಹಾಕ್ಸು. ಏಯ್, ಚಪ್ಪಲಿ ಬಿಚ್ಚು. ಕಾಡಿನವರು ಚಪ್ಪಲಿ ಹಾಕ್ತಾರಾ?”

ಗರಿ ಇರುವವರೆಂದು ನಮ್ಮ ಬೆಟ್ಟದಲ್ಲಿ ನಾನು ಕಂಡದ್ದು ಹಕ್ಕಿಗಳನ್ನು ಮಾತ್ರ.

“ನಾವು ಸಂತೋಷವಾಗಿ ಇಳಿದು ಬಂದ್ವಿ. ಇಷ್ಟೇ ಹೇಳೋದು, ತಿಳೀತಾ?” ಎಂದ.

“ಅದು ಸುಳ್ಳಲ್ವಾ ಸಾಮಿ?”

ಸಾಹೇಬ ದನಿ ತಗ್ಗಿಸಿದ. “ನಿಮ್ಮವ್ವನ ಮನೆ ಇನ್ನೂ ಮೇಲಿದೆ ಅಲ್ವಾ? ನೀನು ನೆಟ್ಟಗೆ ಮಾತಾಡಿದ್ರೆ ಅದೊಂದು ಉಳಿಯುತ್ತೆ. ಬಾಲ ಬಿಚ್ಚಿದ್ರೆ ಯಂತ್ರ ಮೊದಲು ನುಗ್ಗೋದೇ ಆ ಮನೆಗೆ.”

ಇಲ್ಲೇ ನನ್ನ ಜೊತೆ ಕಸ ಗುಡಿಸುವ ಅತ್ತಿಗೆ ಕಕ್ಕಸಿನ ಪಕ್ಕದ ಕೋಣೆಯಲ್ಲಿ ನನಗೆ ಮಣಿ ಕಟ್ಟಿದಳು. ಸಾಹೇಬ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಅವಳಿಗೆ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ.

“ನಿಮ್ಮವ್ವ ಅಂದ್ರೆ ನನಗೂ ಅತ್ತೇನೇ,” ಎಂದಳು. “ಆದ್ರೆ ನಮ್ಮಪ್ಪನೂ ಅಲ್ಲೇ ಮಲಗವ್ನೆ, ಏಳಕ್ಕಾಗದೆ. ಹೋಗಿ ಏನು ಹೇಳ್ತೀಯೋ ಹೇಳು. ನಾನು ನಿಂಗೆ ಏನೂ ಅನ್ನಲ್ಲ.”

ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಬ್ಬ ಅವ್ವನ ಸೂರು ಉಳಿಸಿ ಉಳಿದವರ ಅವ್ವಂದಿರನ್ನು ಬೀದಿಗೆ ಹಾಕು ಎಂದು ಹೇಳುವವನಿಗೆ ಎಂಥ ನಾಲಿಗೆ ಇರಬೇಕು!

ಸಭೆ ತುಂಬಿತು. ಹೊರದೇಶದಿಂದ ಬಂದವಳು ನೆರೆತ ಕೂದಲಿನ, ಮೆತ್ತಗಿನ ಮಾತಿನ ಹೆಂಗಸು. ಅವಳ ಪಕ್ಕ ನಮ್ಮ ಮಾತನ್ನು ಅವಳ ಭಾಷೆಗೆ ತಿರುಗಿಸಿ ಹೇಳುವ ಕೋಟಿನ ಹುಡುಗ ಇದ್ದ. ಸಾಹೇಬ ಸ್ವಾಗತ ಕೋರಿದ. ಬೆಟ್ಟದ ಜನ ನಮ್ಮ ಬಂಧುಗಳು ಎಂದ. ಒಪ್ಪಂದದ ಒಂದೊಂದು ಅಕ್ಷರವನ್ನೂ ಪಾಲಿಸಿದ್ದೇವೆ ಎಂದು ಪಟದ ಕಡೆ ಕೈ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ನಮ್ಮ ಹೆಂಗಸರು ತಟ್ಟಲಿಲ್ಲ.

ಆ ಹೆಂಗಸು ನನ್ನ ಕಡೆ ತಿರುಗಿ ಏನೋ ಕೇಳಿದಳು.

“ತಾವು ಸ್ವಇಚ್ಛೆಯಿಂದ ನೆಲವನ್ನು ತೊರೆದಿರಾ ಎಂದು ಕೇಳುತ್ತಿದ್ದಾರೆ,” ಎಂದ ಕೋಟಿನ ಹುಡುಗ.

ಸಾಹೇಬ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಕಣ್ಣ ಮುಂದೆ ಅವ್ವನ ಮನೆ ಬಂತು. ನನಗೆ ಅಳು ಬಂತು. ಅಳುತ್ತಲೇ ಮೈಕು ಹಿಡಿದೆ.

“ಇಲ್ಲ ತಾಯೀ. ಆ ಪಟದಲ್ಲಿ ಬಾಯಿ ತಕ್ಕೊಂಡು ನಿಂತಿರೋಳು ನಾನೇ. ಒಪ್ಪಿ ನಿಂತಿದ್ದಲ್ಲ, ಇವನು ಹೊರಟ ಅಂತ ಕಳಿಸಿಕೊಡೋಕೆ ಎದ್ದು ನಿಂತಿದ್ದು. ನಮ್ಮನ್ನ ಹೊಡೆದು ಲಾರಿಗೆ ತುಂಬಿದ್ರು. ಈಗ ನಮ್ಮವ್ವನ ಮನೆ ಕೆಡವ್ತೀನಿ ಅಂತ ಹೆದರಿಸಿ ಇಲ್ಲಿ ಕೂರಿಸಿದಾನೆ, ಈ ಬೋಳಿಮಗ.”

ಸಭೆ ಗುಜುಗುಜು ಎಂದಿತು. ಕೋಟಿನ ಹುಡುಗ ಸಾಹೇಬನ ಮುಖ ನೋಡಿದ, ಗಂಟಲು ಸರಿಮಾಡಿಕೊಂಡ, ಆ ಹೆಂಗಸಿನ ಕಿವಿಗೆ ಬಗ್ಗಿ ಏನೋ ಹೇಳಿದ. ಅವಳ ಮುಖ ಅರಳಿತು. ನನ್ನ ಕೈ ಹಿಡಿದುಕೊಂಡು ಅವಳು ನಕ್ಕಳು! ನನ್ನ ಅಳುವನ್ನು ಆನಂದಬಾಷ್ಪ ಎಂದನೋ ಏನೋ.

“ನಾನಂದಿದ್ದನ್ನ ಹೇಳೋ! ನಾನಂದಿದ್ದನ್ನೇ ಹೇಳೋ!” ಎಂದು ಅವನ ಕೋಟು ಹಿಡಿದು ಎಳೆದೆ. ಅವನು ಬಿಡಿಸಿಕೊಂಡು ನೆಲ ನೋಡಿದ.

ಅಷ್ಟರಲ್ಲಿ ಹಿಂದಿನಿಂದ ಅತ್ತಿಗೆ ಓಡಿ ಬಂದಳು. ಮೇಸ್ತ್ರಿ ಅಡ್ಡ ಬಂದದ್ದಕ್ಕೆ ಅವನನ್ನು ನೂಕಿಯೇ ಬಂದಳು. ಕೈಯಲ್ಲಿ ಫೋನು.

“ನಿಮ್ಮಣ್ಣ ಮಾತಾಡ್ತಾವ್ನೆ. ಯಂತ್ರ ಬಂದುಬಿಟ್ಟಿದೆಯಂತೆ ಕಣೇ!”

ಫೋನು ಕಸಿದುಕೊಂಡು ಸ್ಪೀಕರ್ ಹಾಕಿದೆ. ಅಣ್ಣ ಕಿರುಚುತ್ತಿದ್ದ. “ಬೆಳಗ್ಗೆಯಿಂದ ಒಂದೊಂದೇ ಮನೆ ಕೆಡವ್ತಾವ್ರೆ! ನಮ್ ಮಾವನ್ನ ಹಾಸಿಗೆ ಸಮೇತ ಹೊರಗೆ ಹಾಕಿದ್ರು. ಅವ್ವ ಬಾಗಿಲು ಹಾಕ್ಕೊಂಡು ಒಳಗೆ ಕೂತವ್ಳೆ, ಹೊರಗೆ ಬರ್ತಾ ಇಲ್ಲ!”

ಬೆಳಗ್ಗೆಯಿಂದ. ಹಾಗಾದರೆ ಸಾಹೇಬ ನನ್ನ ಜೊತೆ ಅವ್ವನ ಮನೆಗೆ ಚೌಕಾಶಿ ಮಾಡುವಾಗಲೇ ಯಂತ್ರಗಳು ಬೆಟ್ಟ ಹತ್ತಿದ್ದವು. ನನ್ನ ಹೌದಿಗೂ ಬೆಲೆ ಇರಲಿಲ್ಲ, ಇಲ್ಲಕ್ಕೂ ಇರಲಿಲ್ಲ.

ಫೋನನ್ನು ಮೈಕಿಗೆ ಒತ್ತಿ ಹಿಡಿದೆ.

ಯಂತ್ರದ ಗರಗರ ಸಭೆಯ ನಾಲ್ಕು ಮೂಲೆಯಿಂದಲೂ ಹೊರಟಿತು. ಎಲ್ಲೋ ಗೋಡೆ ಕುಸಿದ ಸದ್ದು, ಮಕ್ಕಳ ಅಳು. ನಡುವೆ ಅವ್ವನ ದನಿ, ಬಾಗಿಲ ಆಚೆಯಿಂದ: “ಬನ್ರೋ ಬೋಳಿಮಕ್ಕಳಾ! ಬನ್ನಿ! ನಾನು ಏಳಲ್ಲ ಕಣ್ರೋ!”

ಹೊರದೇಶದ ಹೆಂಗಸು ನನ್ನ ಕೈ ಬಿಟ್ಟಳು. ಕೋಟಿನ ಹುಡುಗನನ್ನು ನೋಡಿದಳು. ಈ ಸಲ ಅವನು ಏನನ್ನೂ ತಿರುಗಿಸಿ ಹೇಳಬೇಕಾಗಿರಲಿಲ್ಲ.

“ಮೈಕ್ ಬಂದ್ ಮಾಡೋ!” ಎಂದು ಸಾಹೇಬ ಅರಚಿದ. “ಬಂದ್ ಮಾಡೋ ನನ್ ಮಗನೇ!”

“ಸ್ವಿಚ್ ಸಿಗ್ತಾ ಇಲ್ಲ ಸಾರ್,” ಎಂದ ಮೈಕಿನವನು. ಕೈ ಕಟ್ಟಿಕೊಂಡು ನಿಂತಿದ್ದ.

ಮೇಸ್ತ್ರಿ ನನ್ನ ಮೇಲೆ ಬಿದ್ದ. ಅತ್ತಿಗೆ ಅವನ ಕುತ್ತಿಗೆಪಟ್ಟಿ ಹಿಡಿದಳು. ಪೊರಕೆ ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ನನ್ನ ಸುತ್ತ ನಿಂತರು. ಪೊಲೀಸರು ಬೂಟು ಕುಟ್ಟಿಕೊಂಡು ಒಳಗೆ ಬಂದರು.

ಅವ್ವ ಬೈಯುತ್ತಲೇ ಇದ್ದಳು. ಸಾಹೇಬನನ್ನು, ಸರ್ಕಾರವನ್ನು, ಅವರ ಅಪ್ಪಂದಿರನ್ನು ಬೈದಳು. ಆಮೇಲೆ ಏನೋ ದೊಡ್ಡದು ಮುರಿದು ಬಿತ್ತು. ಅವ್ವನ ದನಿ ನಿಂತಿತು. ಯಂತ್ರದ್ದು ನಿಲ್ಲಲಿಲ್ಲ.

“ಅವ್ವಾ,” ಎಂದೆ. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ನಾನು ಮೈಕಿನಿಂದ ಫೋನು ತೆಗೆಯಲಿಲ್ಲ.