ಹತ್ತೊಂಬತ್ತನೇ ರಾಜೀನಾಮೆ

“ಎಡಕ್ಕೆ ತಿರುಗಿಸಿ… ಎಡಕ್ಕೆ! ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ!”

ಸಲೂನಿನವನು ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತಿದ್ದ. ಶವಪೆಟ್ಟಿಗೆಯ ಮುಂದಿನ ತುದಿ ಅವನ ಹೊಟ್ಟೆಗೆ ಒತ್ತಿತ್ತು, ಬೆನ್ನು ಗೋಡೆಗೆ ತಾಗಿತ್ತು. ಐದನೇ ಮಹಡಿಯಿಂದ ಹೊರಟ ಪೆಟ್ಟಿಗೆ ಮೂರನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡು ಹತ್ತು ನಿಮಿಷವಾಗಿತ್ತು. ಆ ಮಹಡಿಯವರು ಹಳೆಯ ವಾಷಿಂಗ್ ಮಷಿನ್ ಒಂದನ್ನು ಹೊರಗಿಟ್ಟಿದ್ದರು; ಬಿಸಾಡಲೂ ಮನಸ್ಸಿಲ್ಲ, ಒಳಗೆ ಜಾಗವೂ ಇಲ್ಲ. ಅದರಿಂದಾಗಿ ಪೆಟ್ಟಿಗೆ ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಿತ್ತು.

“ಊರೆಲ್ಲ ಲಿಫ್ಟ್ ರಿಪೇರಿ ಮಾಡಿದೋರನ್ನ ಮೆಟ್ಟಿಲಲ್ಲಿ ಇಳಿಸೋ ಹಾಗಾಯ್ತಲ್ಲ,” ಎಂದ ಸತ್ತವನ ಭಾವಮೈದುನ, ಹಿಂದಿನ ತುದಿಯಿಂದ. “ನಮ್ಮ ಕಟ್ಟಡದ್ದು ಯಾವಾಗ ಭಾವ ಅಂದ್ರೆ, ನಾಳೆ ನಾಳೆ ಅಂತಿದ್ರು.”

“ಆರು ವಾರದಿಂದ ಅಂತಿದ್ರು,” ಎಂದಳು ಅವನ ಅಕ್ಕ. ಈಗ ವಿಧವೆಯಾದ ಅವಳು ನಾಲ್ಕು ಮೆಟ್ಟಿಲು ಮೇಲೆ, ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಬೆಳಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಅಳುವುದಕ್ಕೆ ಪುರುಸೊತ್ತು ಬೇಕಲ್ಲ.

ಹಿಂದಿನ ಇನ್ನೊಂದು ಮೂಲೆಯನ್ನು ಪೇಟೆ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಹಿಡಿದಿದ್ದ. ನಿನ್ನೆಯ ಪಂದ್ಯದ ಕೊನೆಯ ಹತ್ತು ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟು, ಗೆದ್ದ ಆಟವನ್ನು ಸೋತು ಬಂದವನು.

“ನೀನು ಸ್ವಲ್ಪ ಗಟ್ಟಿಯಾಗಿ ಹಿಡ್ಕೋ ಪುಣ್ಯಾತ್ಮ,” ಎಂದ ಸಲೂನಿನವನು. “ನಿನ್ನ ಕೈ ಮೇಲೆ ನಂಗೆ ಅಷ್ಟು ನಂಬಿಕೆ ಇಲ್ಲ.”

ಗೋಲ್‌ಕೀಪರ್ ತಲೆ ತಗ್ಗಿಸಿದ. ಕೊನೆಗೆ ಪೆಟ್ಟಿಗೆಯ ತಲೆಯ ಕಡೆಯನ್ನು ವಾಷಿಂಗ್ ಮಷಿನ್ನಿನ ಮೇಲೆಯೇ ಇಟ್ಟು ಎಲ್ಲರೂ ಉಸಿರು ಬಿಟ್ಟರು. ಅಷ್ಟರಲ್ಲಿ ಕೆಳಗಿನಿಂದ ಏದುಸಿರು ಬಿಡುತ್ತ ಪ್ರಾರ್ಥನಾಮಂದಿರದ ಹಿರಿಯರು ಹತ್ತಿ ಬಂದರು. ಕಂಕುಳಲ್ಲಿ ಸದಸ್ಯರ ದಪ್ಪ ಪುಸ್ತಕವಿತ್ತು. ಅಂತ್ಯಪ್ರಾರ್ಥನೆ ಹೇಳಬೇಕಾದವರು ಅವರೇ.

“ಕೆಳಗೆ ಬಂದಮೇಲೆ ಹೇಳೋಣ ಅಂತಿದ್ದೆ. ನೀವು ಬರೋ ಲಕ್ಷಣ ಕಾಣಲಿಲ್ಲ,” ಎಂದು ಅವರು ಕಂಬಿ ಹಿಡಿದು ನಿಂತರು. “ಒಂದು ತೊಡಕಿದೆ ತಾಯಿ. ಇವರು ಸದ್ಯಕ್ಕೆ ನಮ್ಮ ಸದಸ್ಯರಲ್ಲ. ಮಂದಿರದ ಹಿಂದಿನ ಜಾಗದಲ್ಲಿ ಮಣ್ಣು ಮಾಡೋ ಹಾಗಿಲ್ಲ.”

“ನನ್ನ ಪಕ್ಕದ ಜಾಗ ಅವರದು. ಎರಡಕ್ಕೂ ಗೂಟ ಹೊಡೆಸಿದ್ದು ನೀವೇ.”

“ಜಾಗ ಇದೆ ತಾಯಿ. ಮನುಷ್ಯರಿಲ್ಲ. ಅಂದ್ರೆ, ಪುಸ್ತಕದಲ್ಲಿಲ್ಲ.”

*

ಇದಕ್ಕೆಲ್ಲ ಮೂಲ ಒಂದು ಒಡೆದ ಕನ್ನಡಿ. ಇಪ್ಪತ್ತೆರಡು ವರ್ಷದ ಹಿಂದೆ ಸಲೂನಿನ ಎರಡನೇ ಕುರ್ಚಿಯ ಎದುರಿನ ಕನ್ನಡಿ ಒಡೆಯಿತು, ಚೌಕಟ್ಟು ಉಳಿಯಿತು. ಆ ಕುರ್ಚಿಯಲ್ಲಿ ಕೂತವರಿಗೆ ನೋಡಲು ಏನೂ ಇಲ್ಲವೆಂದು, ಈಗ ಪೆಟ್ಟಿಗೆಯಲ್ಲಿರುವ ಲಿಫ್ಟ್ ಮೆಕ್ಯಾನಿಕ್ ಒಂದು ದೊಡ್ಡ ಹಾಳೆಯ ಮೇಲೆ ಏನೇನೋ ಬರೆದು ಅಲ್ಲಿ ಅಂಟಿಸಿದ. ಊರಿನವರು ಅವನನ್ನು ಲಿಫ್ಟಣ್ಣ ಎನ್ನುತ್ತಿದ್ದರು. ಮುಂದೆ ಹೊಸ ಕನ್ನಡಿ ಹಾಕಿಸಲು ಗಿರಾಕಿಗಳೇ ಬಿಡಲಿಲ್ಲ.

ಪ್ರತಿ ಸೋಮವಾರ ಹೊಸ ಹಾಳೆ ಬರುತ್ತಿತ್ತು. ಅದರಲ್ಲಿ ಗೆರೆ ಎಳೆದು ಮಾಡಿದ ನಾಲ್ಕು ಮನೆ: ಸುದ್ದಿ, ಕೆಲಸ, ನಂಬಿಕೆ, ಆಟ. ಸುದ್ದಿಯ ಮನೆಯಲ್ಲಿ, “ಮಂತ್ರಿಗಳು ಹೊಸ ಸೇತುವೆಯನ್ನು ಉದ್ಘಾಟಿಸಿ, ಹಳೆಯ ಸೇತುವೆಯ ಮೇಲೆ ಕ್ಷೇಮವಾಗಿ ವಾಪಸಾದರು” ಎಂಬಂಥ ಮಾತು. ಕೆಲಸದ ಮನೆಯಲ್ಲಿ, “ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಮೊದಲ ಐದು ನಿಮಿಷ ನನ್ನನ್ನು ಬೈಯುತ್ತಾರೆ, ಆಮೇಲಿನ ಐದು ನಿಮಿಷ ದೇವರನ್ನು ಕರೆಯುತ್ತಾರೆ. ಬಾಗಿಲು ತೆಗೆಯುವವನು ನಾನು, ಕೃತಜ್ಞತೆ ಮಾತ್ರ ಅವನಿಗೆ. ಇರಲಿ, ಅವನಿಗೂ ಓವರ್‌ಟೈಮ್ ಸಿಗುವುದಿಲ್ಲ.”

ಸುದ್ದಿ ಮತ್ತು ಕೆಲಸವನ್ನು ಶನಿವಾರವೇ ಬರೆದು ಮುಗಿಸುತ್ತಿದ್ದ. ನಂಬಿಕೆ ಮತ್ತು ಆಟದ ಮನೆಗಳು ಭಾನುವಾರ ಸಂಜೆ ಪೇಟೆ ತಂಡದ ಪಂದ್ಯ ಮುಗಿಯುವವರೆಗೆ ಖಾಲಿ ಇರುತ್ತಿದ್ದವು. ಅವನ ಮಟ್ಟಿಗೆ ಅವೆರಡರ ನಡುವೆ ಗೋಡೆಯೇ ಇರಲಿಲ್ಲ.

ಹನ್ನೊಂದು ವರ್ಷದ ಹಿಂದೆ ತಂಡ ಫೈನಲ್‌ನಲ್ಲಿ ಕೊನೇ ನಿಮಿಷದ ಗೋಲಿನಿಂದ ಸೋತಿತು. ಆ ಸೋಮವಾರ ನಂಬಿಕೆಯ ಮನೆಯಲ್ಲಿ ಹೀಗಿತ್ತು: “ಎಂಬತ್ತೊಂಬತ್ತು ನಿಮಿಷ ನಾವು ನಮ್ಮ ಕೆಲಸ ಮಾಡಿದೆವು. ಮೇಲಿನವನು ತನ್ನ ಒಂದು ನಿಮಿಷದ ಕೆಲಸ ಮಾಡಲಿಲ್ಲ. ಈ ಮೂಲಕ ಪ್ರಾರ್ಥನಾಮಂದಿರದ ಸದಸ್ಯತ್ವಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ.” ಊರು ನಕ್ಕಿತು. ಆದರೆ ಮೂವತ್ತು ವರ್ಷ ಕಚೇರಿಯಲ್ಲಿ ಕಡತ ನೋಡಿ ನಿವೃತ್ತರಾಗಿದ್ದ ಹಿರಿಯರು ನಗಲಿಲ್ಲ. ಅವರ ಪಾಲಿಗೆ ಬರೆದದ್ದು ಬರೆದದ್ದೇ. ಪುಸ್ತಕ ತೆಗೆದು ಹೆಸರಿನ ಮೇಲೆ ಗೆರೆ ಎಳೆದರು.

ಮುಂದಿನ ವಾರ ತಂಡ ಗೆದ್ದಿತು. “ಕಳೆದ ವಾರದ್ದು ಸಿಟ್ಟಿನ ಮಾತು. ಹಿಂದಿನ ಬೆಂಚಿನಲ್ಲಾದರೂ ಸೇರಿಸಿಕೊಳ್ಳಿ” ಎಂದು ಹಾಳೆ ಬೇಡಿತು. ಹಿರಿಯರು ಪುಟದ ಕೆಳಗೆ ಹೊಸದಾಗಿ ಹೆಸರು ಬರೆದರು. ಅಲ್ಲಿಂದ ಶುರುವಾದ ಹೋಗಿಬರುವ ಆಟ ನಿಲ್ಲಲೇ ಇಲ್ಲ.

ಅವನ ಹೆಂಡತಿ ಮಾತ್ರ ಆ ಹಾಳೆಯನ್ನು ಒಂದು ದಿನವೂ ಓದಿದವಳಲ್ಲ. “ಭಾನುವಾರ ಪೂರ್ತಿ ಕೇಳಿರ್ತೀನಿ. ಸೋಮವಾರ ಓದಿ ಬೇರೆ ಸಾಯ್ಲಾ?” ಎನ್ನುತ್ತಿದ್ದಳು.

*

ಹಿರಿಯರು ಪುಸ್ತಕ ಬಿಡಿಸಿ ಬೆರಳಿಟ್ಟು ತೋರಿಸಿದರು. “ಹತ್ತೊಂಬತ್ತು ಸಲ ಬಿಟ್ಟಿದ್ದಾರೆ. ಹದಿನೆಂಟು ಸಲ ಸೇರಿದ್ದಾರೆ. ಕೊನೇ ರಾಜೀನಾಮೆ ಐದು ವಾರದ ಹಿಂದಿನದು. ಆಮೇಲೆ ಮೂರು ಪಂದ್ಯ ಸೋಲು, ಒಂದು ಡ್ರಾ.”

“ಡ್ರಾ ಆದ ವಾರ ‘ಯೋಚಿಸುತ್ತಿದ್ದೇನೆ’ ಅಂತ ಬರೆದಿದ್ರಲ್ಲ!” ಎಂದ ಸಲೂನಿನವನು.

“ಯೋಚನೆ ಅರ್ಜಿ ಆಗಲ್ಲಪ್ಪ.”

“ಸರಿ, ನಿನ್ನೇದು ತಗೊಳ್ಳಿ. ನನ್ನ ಅಂಗಡೀಲೇ ಕೂತು ರೇಡಿಯೋ ಕೇಳ್ತಿದ್ರು. ಎಂಬತ್ತನೇ ನಿಮಿಷ. ನಾವು ಒಂದು, ಅವರು ಸೊನ್ನೆ. ‘ಇನ್ನು ಹತ್ತೇ ನಿಮಿಷ ಕಣೋ’ ಅಂತ ನಗ್ತಾ ಕುರ್ಚಿಗೆ ಒರಗಿದ್ರು, ಅಷ್ಟೇ. ಉಸಿರು ಹೋದಾಗ ತಂಡ ಗೆಲ್ತಾ ಇತ್ತು. ಅಂದ್ರೆ ಆ ಗಳಿಗೇಲಿ ಲಿಫ್ಟಣ್ಣ ನಿಮ್ಮ ಸದಸ್ಯರೇ!”

ಎಲ್ಲರಿಗೂ ಇದು ನ್ಯಾಯವಾಗಿ ಕಂಡಿತು. ಇಷ್ಟು ಹೊತ್ತು ಬಾಯಿ ಬಿಡದಿದ್ದ ನಾಲ್ಕನೆಯವನು, ಕೆಳಮನೆಯ ದರ್ಜಿ, “ಹೌದು ಮತ್ತೆ” ಎಂದ. ಹಿರಿಯರು ತುಸು ಯೋಚಿಸಿದರು.

“ಅಂತಿಮ ಫಲಿತಾಂಶ ಏನು?”

ಎಲ್ಲರ ಕಣ್ಣು ಗೋಲ್‌ಕೀಪರ್ ಕಡೆ ಹೋಯಿತು.

“ಒಂದು ಗೋಲು, ಬಿಸಿಲು ಕಣ್ಣಿಗೆ ಹೊಡೀತು,” ಎಂದು ಅವನು ಗೊಣಗಿದ. “ಇನ್ನೊಂದು… ಇನ್ನೊಂದು ನಂದೇ ತಪ್ಪು. ಅವರು ಹೀಗೆ ಹೊರಗುಳೀತಾರೆ ಅಂತ ಗೊತ್ತಿದ್ರೆ ಪ್ರಾಣ ಕೊಟ್ಟಾದ್ರೂ ಹಿಡೀತಿದ್ದೆ.”

“ನಿಯಮ ಸ್ಪಷ್ಟವಾಗಿದೆ,” ಎಂದು ಹಿರಿಯರು ಪುಸ್ತಕದ ಮೊದಲ ಪುಟ ತೆಗೆದು ಓದಿದರು: “‘ಲಿಖಿತವಾಗಿ ಬಿಟ್ಟವರು ಲಿಖಿತವಾಗಿಯೇ ಮರಳಬೇಕು, ಇಲ್ಲವೇ…’” ಅಲ್ಲಿಗೆ ಅವರ ದನಿ ನಿಂತಿತು. ಪುಸ್ತಕ ಮುಚ್ಚಿದರು. “ಸಾರ್ವಜನಿಕರ ಜಾಗ ಊರಾಚೆ ಇದೆ ತಾಯಿ. ಅಲ್ಲೂ ನೆರಳಿದೆ. ನಾನೇ ಬಂದು ನಿಲ್ತೀನಿ.”

ವಿಧವೆ ಮೆಟ್ಟಿಲ ಮೇಲೆಯೇ ಕೂತಳು. ಕೈಚೀಲದಿಂದ ಮಡಿಸಿದ ಹಾಳೆ ತೆಗೆದಳು. ಈ ವಾರದ್ದು. ಸುದ್ದಿ, ಕೆಲಸ ತುಂಬಿದ್ದವು. ಉಳಿದೆರಡು ಮನೆ ಖಾಲಿ.

“ಆ ಪುಸ್ತಕ ಕೊಡಿ ಇಲ್ಲಿ, ಅಡಿಗೆ ಇಟ್ಕೊಂಡು ಬರೀಬೇಕು. ಪೆನ್ನೂ ಕೊಡಿ.”

ಹಿರಿಯರು ಏನೂ ತಿಳಿಯದೆ ಕೊಟ್ಟರು. ಅವಳು ನಂಬಿಕೆಯ ಮನೆಯಲ್ಲಿ ದಪ್ಪ ಅಕ್ಷರದಲ್ಲಿ, “ಇಂದಿನಿಂದ ನಾನೂ” ಎಂದು ಬರೆದಳು.

“ಏನಕ್ಕಾ ಅದು?” ಎಂದ ತಮ್ಮ.

“ರಾಜೀನಾಮೆ. ಅವರಿಗೆ ಜಾಗ ಇಲ್ಲದ ಕಡೆ ನನಗೂ ಬೇಡ. ನಲವತ್ತು ವರ್ಷ ಆ ಬಾಯಿ ಕೇಳ್ಕೊಂಡು ಮಲಗಿದ್ದೀನಿ. ಮುಂದೆ ಅಷ್ಟು ಕಾಲ ಸದ್ದಿಲ್ಲದೆ ಒಬ್ಬಳೇ ಮಲಗೋದು ನನ್ನ ಕೈಲಾಗಲ್ಲ. ಊರಾಚೆ ಆದ್ರೆ ಊರಾಚೆ.”

“ನೀವು ಬೇಡ ತಾಯಿ,” ಎಂದರು ಹಿರಿಯರು. “ನೀವು ಬರೀಬೇಡಿ. ಆ ನಿಯಮ… ಆ ನಿಯಮ ನಾನು ಪೂರ್ತಿ ಓದಲಿಲ್ಲ.”

*

ಕಳೆದ ತಿಂಗಳು ಒಂದು ಬುಧವಾರ ಹಿರಿಯರು ಮಂಡಿನೋವು ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು, ದೀಪ ಆರಿತು. ಒಳಗೆ ಅವರೊಬ್ಬರೇ. ಮೊದಲು ಕೂಗಿದರು, ಆಮೇಲೆ ಬಾಗಿಲು ಬಡಿದರು, ಆಮೇಲೆ ನೆಲದ ಮೇಲೆ ಕೂತು ಎಳೆಮಗುವಿನ ಹಾಗೆ ಅತ್ತರು. ನೂರಾರು ಜನರ ತಲೆಯ ಬಳಿ ನಿಂತು ಹೇಳಿದ್ದ ಪ್ರಾರ್ಥನೆಯ ಒಂದು ಶಬ್ದವೂ ಬಾಯಿಗೆ ಬರಲಿಲ್ಲ.

“ಯಾರ್ರೀ ಒಳಗೆ? ಹಿರಿಯರಾ?” ಎಂದು ಮೇಲಿನಿಂದ ಪರಿಚಯದ ದನಿ ಕೇಳಿಸಿತು.

“ಪ್ರಾರ್ಥನೆ ಹೇಳಪ್ಪಾ,” ಎಂದರು ಹಿರಿಯರು. “ನನಗೆ ಮರೆತುಹೋಗಿದೆ.”

“ನಾನು ರಾಜೀನಾಮೆ ಕೊಟ್ಟೋನು ಸ್ವಾಮಿ.”

“ಹೇಳೋ!”

ಮೇಲೆ ಲಿಫ್ಟನ್ನು ಸರಿಸುವ ಕೈಚಕ್ರ ತಿರುಗಿಸುತ್ತ ಲಿಫ್ಟಣ್ಣ ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ಹೇಳಿದ. ಚಕ್ರದ ಪ್ರತಿ ಸುತ್ತಿಗೂ ಒಂದು ಸಾಲು. ಕೊನೆಯಲ್ಲಿ ಭಾನುವಾರದ ಪಂದ್ಯದ ಬಗ್ಗೆಯೂ ಒಂದು ಮಾತು ಸೇರಿಸಿದ. ಬಾಗಿಲು ತೆರೆದಾಗ ಹಿರಿಯರ ಮುಖ ನೋಡದೆ, ಕರವಸ್ತ್ರ ಚಾಚಿ, ಸ್ಕ್ರೂ ಹುಡುಕುವವನ ಹಾಗೆ ಆ ಕಡೆ ತಿರುಗಿಕೊಂಡ.

*

“‘…ಇಲ್ಲವೇ ಹಿರಿಯರು ಕಿವಿಯಾರೆ ಕೇಳುವಂತೆ ಪ್ರಾರ್ಥಿಸಬೇಕು,’” ಎಂದು ಹಿರಿಯರು ನಿಯಮವನ್ನು ಕೊನೆಯವರೆಗೆ ಹೇಳಿದರು. ಲಿಫ್ಟಿನ ಕತೆಯನ್ನೂ ಹೇಳಿದರು. ತಾವು ಅತ್ತದ್ದನ್ನು ಬಿಡದೆ ಹೇಳಿದರು. ಮೂರನೇ ಮಹಡಿಯ ಎರಡು ಮನೆಗಳ ಬಾಗಿಲು ಅಷ್ಟರಲ್ಲಿ ತೆರೆದಿದ್ದವು.

“ಆ ಲಿಫ್ಟಲ್ಲಿ ನಾನು ಏನಾಗಿದ್ದೆ ಅಂತ ಊರಿಗೆ ಗೊತ್ತಾಗಬಾರದು ಅಂತಿತ್ತು. ಮೂರು ಸೋಮವಾರ ಅಂಗಡಿ ತೆಗೆಯೋ ಮುಂಚೆ ಹೋಗಿ ಗಾಜಿನಾಚೆಯಿಂದ ಆ ಹಾಳೆ ಓದಿದೆ. ಬರೆದಿದಾನೋ ಏನೋ ಅಂತ ಸಾಲು ಸಾಲೂ ಹುಡುಕಿದೆ. ಮಂತ್ರೀನ ಬಿಡದೋನು ನನ್ನ ಬಿಡ್ತಾನಾ?” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಒಂದಕ್ಷರ ಬರೆದಿರಲಿಲ್ಲ.”

“ನನಗೂ ಹೇಳಲಿಲ್ಲ,” ಎಂದಳು ವಿಧವೆ ಬೆರಗಾಗಿ. ಅವನು ತನಗೆ ಹೇಳದೆ ಉಳಿಸಿದ ಮಾತೂ ಒಂದಿತ್ತೆಂದು ಅವಳಿಗೆ ನಂಬುವುದೇ ಕಷ್ಟವಾಯಿತು.

“ಮತ್ತೆ ಆ ಪಂದ್ಯದ ಮಾತು?” ಎಂದ ದರ್ಜಿ. “ಅದು ಸೇರಿದ್ರೂ ಪ್ರಾರ್ಥನೆ ಲೆಕ್ಕಕ್ಕೆ ಬರುತ್ತಾ?”

“ಪ್ರಾರ್ಥನೆ ಅಂದಮೇಲೆ ಪ್ರಾರ್ಥನೆ,” ಎಂದು ಹಿರಿಯರು ಗದರಿದರು. ಪುಸ್ತಕ ತೆಗೆದುಕೊಂಡು ಪುಟದ ಕೆಳಗೆ ಹತ್ತೊಂಬತ್ತನೇ ಸಲ ಹೆಸರು ಬರೆದರು, ಆ ಬುಧವಾರದ ತಾರೀಖು ಹಾಕಿದರು. ಆಮೇಲೆ ಹಾಳೆಯನ್ನೂ ತೆಗೆದುಕೊಂಡು, ಅವಳು ಬರೆದ ಎರಡು ಪದಕ್ಕೆ ನೀಟಾಗಿ ಅಡ್ಡಗೆರೆ ಎಳೆದು, ಕೆಳಗೆ “ಲಿಫ್ಟಣ್ಣ ಮರಳಿದ್ದನ್ನು ಅಂಗೀಕರಿಸಲಾಗಿದೆ” ಎಂದು ಬರೆದು ಸಹಿ ಮಾಡಿದರು. ಸಲೂನಿನವನು ಅದನ್ನು ಮಡಿಸಿ ಅಂಗಿಯೊಳಗಿಟ್ಟುಕೊಂಡ.

ವಾಷಿಂಗ್ ಮಷಿನ್ ಅನ್ನು ಅದರ ಯಜಮಾನರೇ ಬಂದು ಸರಿಸಿದರು. ಪೆಟ್ಟಿಗೆ ಇಳಿಯಿತು.

ಮಂದಿರದ ಹಿಂದೆ ಎಲ್ಲ ಮುಗಿದಾಗ ಮಧ್ಯಾಹ್ನ ಇಳಿದಿತ್ತು. ಹಿರಿಯರು ಪ್ರಾರ್ಥನೆಯನ್ನು ಮಧ್ಯೆ ಒಮ್ಮೆ ಮರೆತರು. ಗೋಲ್‌ಕೀಪರ್ ಮೆಲ್ಲಗೆ ಹೇಳಿಕೊಟ್ಟ. ಜನ ಗೇಟಿನ ಕಡೆ ನಡೆದರು. ವಿಧವೆ ನಿಂತಳು. ಹೊಸ ಮಣ್ಣಿನ ಪಕ್ಕದಲ್ಲಿ ಹುಲ್ಲು ಬೆಳೆದ ಅವಳ ಜಾಗವಿತ್ತು. ಕಾಲು ನೋಯುತ್ತಿತ್ತು, ತನ್ನದೇ ಜಾಗವೆಂದು ಕೂತಳು.

“ಎರಡು ಒಂದು,” ಎಂದಳು ಮಣ್ಣಿನ ಕಡೆ ತಿರುಗಿ. “ಸೋತ್ವಿ. ನೀವು ಹೋದಮೇಲೆ ಎರಡೂ ಬಿಟ್ಟ. ಅವನನ್ನ ಬೈಬೇಡಿ, ಪಾಪ, ನಿಮ್ಮನ್ನ ಹೊತ್ತಿದಾನೆ. ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇನ್ನು ನೀವು ರಾಜೀನಾಮೆ ಕೊಡೋಕಾಗಲ್ಲ.”

ಅಭ್ಯಾಸಬಲದಿಂದ ಉತ್ತರಕ್ಕೆ ಕಾದಳು. ಇಂಥ ಮಾತಿಗೆ ನಲವತ್ತು ವರ್ಷದಲ್ಲಿ ಅವನು ಸುಮ್ಮನಿದ್ದದ್ದಿಲ್ಲ. ಸ್ವಲ್ಪ ಹೊತ್ತಾಯಿತು. ಆಗ ಅವಳಿಗೆ ಅಳು ಬಂತು, ದೊಡ್ಡದಾಗಿಯೇ ಬಂತು.

“ಅಕ್ಕಾ, ಹೊತ್ತಾಯ್ತು,” ಎಂದು ಗೇಟಿನಿಂದ ತಮ್ಮ ಕರೆದ.

ಬರುತ್ತೇನೆಂದು ಕೈಯೆತ್ತಿದಳು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಹುಲ್ಲಿನ ಮೇಲೆ ಕಾಲು ಚಾಚಿ, ಅವನ ಕಡೆಗೆ ಸ್ವಲ್ಪ ಸರಿದು ಕೂತಳು.