ದ್ಯಾವಪ್ಪ ಬಾಗಿಲ ಬಾಯಿ ಮುಚ್ಚಿಸಿದ್ದು

ತುರ್ವಿಹಾಳದ ಆ ಓಣಿಯಲ್ಲಿ ಯಾವ ಕೆಲಸ ಎಳೆದಾಡಿದರೂ ‘ದ್ಯಾವಪ್ಪನ ಮನಿ ಪುರಾಣ ಆತು ನೋಡು’ ಎನ್ನುವ ಮಾತು ಹುಟ್ಟಿ ವರ್ಷವಾಗಿತ್ತು. ಕಾಲುವೆಗೆ ನೀರು ಬರುವುದು ತಡವಾದರೂ ಅದೇ ಮಾತು, ಸಿಂಧನೂರಿನ ಬಸ್ಸು ತಡವಾದರೂ ಅದೇ ಮಾತು. ಇದಕ್ಕೆಲ್ಲ ಕಾರಣ ದ್ಯಾವಪ್ಪನ ಮನೆಯ ತಲಬಾಗಿಲು.

ಶ್ರಾವಣದಲ್ಲಿ ಪಾಳಿಯ ಮೇಲೆ ದಿನಕ್ಕೊಂದು ಮನೆಯಲ್ಲಿ ಪುರಾಣ ಓದಿಸುವುದು ಆ ಓಣಿಯ ಪದ್ಧತಿ. ಓದುವವರು ಮಸ್ಕಿಯ ಅಮರಯ್ಯತಾತ. ಅವರದೊಂದು ನೇಮವಿತ್ತು. ಪದ್ಯದ ನಡುವೆ ಸದ್ದಾದರೆ ಕಣ್ಣು ಮುಚ್ಚಿ ‘ಶಿವಶಿವಾ’ ಎಂದು, ಆ ಪದ್ಯವನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳುವರು. ಕಳೆದ ಶ್ರಾವಣದಲ್ಲಿ ದ್ಯಾವಪ್ಪನ ಪಾಳಿಯ ದಿನ ತಡವಾಗಿ ಬಂದವರು ಒಬ್ಬೊಬ್ಬರೇ ಬಾಗಿಲು ನೂಕಿದಂತೆಲ್ಲ ಅದು ‘ಕಿರ್ರ್’ ಎಂದು ಅರಚಿತು. ಕಥೆಯೊಳಗಿನ ರಾಣಿ ಹೆರಿಗೆ ನೋವಿನಲ್ಲಿದ್ದಳು. ಪಾಪ, ಬಾಗಿಲು ಅವಳನ್ನು ಹೆರಲು ಬಿಡಲಿಲ್ಲ. ಕಡೆಯ ಬಸ್ಸಿನ ಹೊತ್ತಾಗಿ ತಾತ ಮಂಗಳ ಹಾಡದೆಯೇ ಪುಸ್ತಕ ಕಟ್ಟಿದರು. ಮಂಗಳ ಹಾಡಿ, ಕೇಳಿದವರು ಜಯಕಾರ ಹೇಳದ ಹೊರತು ಪ್ರಸಾದ ಹಂಚುವಂತಿಲ್ಲ. ದ್ಯಾವಪ್ಪನ ಹೆಂಡತಿ ಯಮನೂರಮ್ಮ ಮಾಡಿದ ಗೋಧಿಹುಗ್ಗಿ ಎಮ್ಮೆಯ ಪಾಲಾಯಿತು.

ಈ ಸಲವೂ ಮಂಗಳವಾಗದಿದ್ದರೆ ಅವರ ಪಾಳಿಯನ್ನು ಎದುರುಮನೆಯ ಪಕೀರಮ್ಮನಿಗೆ ಕೊಡುವುದೆಂದು ಓಣಿಯ ಹಿರಿಯರು ಹೇಳಿಬಿಟ್ಟಿದ್ದರು.

“ಪಾಳಿ ಹೋತಂದ್ರ ನಾ ನಳದ ಹತ್ರ ಆಕಿ ಮುಂದ ಹೆಂಗ ಕೊಡ ಹಿಡ್ಕೊಂಡು ನಿಂದರ್ಲಿ?” ಎಂದಳು ಯಮನೂರಮ್ಮ. “ಬುಡ್ಡೇಸಾಬಗ ಹೇಳಿ ಕಳಸ್ರೀ.”

“ಒಂದು ಬಾಗಲಕ್ಕ ಬಡಿಗೇರ ಬೇಕೇನ? ಮೊಬೈಲಿನ್ಯಾಗ ಎಲ್ಲಾ ತೋರಸ್ತಾರ” ಎಂದ ದ್ಯಾವಪ್ಪ. ಅಕ್ಕಿ ಗಿರಣಿಯಲ್ಲಿ ಭತ್ತದ ಲಾರಿಗಳನ್ನು ತೂಗಿಸುವ ತನಗೆ ಒಂದು ಬಾಗಿಲು ಯಾವ ಭಾರ ಎಂಬುದು ಅವನ ಎಣಿಕೆ.

ಪುರಾಣದ ದಿನ ರಜೆ ಹಾಕಿ, ಮರ ಹೆರೆಯುವ ರಂದಾ ಕೇಳಲು ಹೋದ. ಬುಡ್ಡೇಸಾಬ್ ನಗುತ್ತ ಕೊಟ್ಟ. “ಒಯ್ಯಿ ದ್ಯಾವಣ್ಣ. ಬೆರಳು ಮಾತ್ರ ಎಣಿಸ್ಕೊಂಡು ಹೋಗು, ಆಮ್ಯಾಲೆ ನನ್ನ ಕೇಳಬ್ಯಾಡ.”

ಮೊಬೈಲಿನವನು ಹೇಳಿದಂತೆ ಬಾಗಿಲು ಬಿಚ್ಚಿ, ಅಡ್ಡ ಮಲಗಿಸಿ, ಕೆಳಅಂಚು ಹೆರೆದ. ಕೂಡಿಸಿ ನೂಕಿದ. ಕಿರ್ರ್! ಮತ್ತೆ ಬಿಚ್ಚಿ ಹೆರೆದ. ಕಿರ್ರ್! ಬಾಗಿಲು ತಿರುಗುವ ಬಿಜಾಗರಿಗೆ ಶೇಂಗಾ ಎಣ್ಣೆ ಹೊಯ್ದ. ಕೈ ಜಾರಿತೇ ಹೊರತು ಬಾಗಿಲ ಬಾಯಿ ಮುಚ್ಚಲಿಲ್ಲ.

“ಏನಪ, ಬಾಗಲಕ್ಕ ಕ್ಷೌರ ನಡೆದೈತೇನ?” ಎದುರುಮನೆಯ ಕಟ್ಟೆಯಿಂದ ಪಕೀರಮ್ಮ ಕೂಗಿದಳು. “ಹಿಂಗ ಹೆರಕೋಂತ ಹೋದ್ರ ಸಂಜಿಗೆ ಕಿಟಕಿ ಉಳಿತೈತಿ ನೋಡು.”

ದ್ಯಾವಪ್ಪ ಬಾಗಿಲನ್ನು ಮೇಲೆ ನೋಡಿದ, ಪಕ್ಕಕ್ಕೆ ನೋಡಿದ. ಹೊಸ್ತಿಲನ್ನು ಮಾತ್ರ ನೋಡಲಿಲ್ಲ. ಹೊಸ್ತಿಲೆಂದರೆ ಲಕ್ಷ್ಮಿ; ದಾಟಬೇಕು, ತುಳಿಯಬಾರದು, ಅದರ ಮೇಲೆ ಹತಾರ ಇಡಬಾರದು ಎಂದು ಅವ್ವ ಕಲಿಸಿದ್ದಳು. ಮೊಬೈಲಿನವನೂ ಎಚ್ಚರಿಸಲಿಲ್ಲ, ಏಕೆಂದರೆ ಅವನ ಮನೆಗೆ ಹೊಸ್ತಿಲೇ ಇರಲಿಲ್ಲ. ದ್ಯಾವಪ್ಪ ಮೂರನೆಯ ಸಲ ಹೆರೆದು ಕೂಡಿಸಿದ. ಕಿರ್ರ್!

ಇಳಿಹೊತ್ತಿಗೆ ಯಮನೂರಮ್ಮ ಹೊಸ್ತಿಲು ತೊಳೆಯಲು ಕೂತಳು. ಪುರಾಣದ ದಿನವೆಂದು ಬಿಸಿನೀರು ಸುರಿದು ತೆಂಗಿನ ನಾರಿನಿಂದ ಒತ್ತಿ ತಿಕ್ಕಿದಳು. ಹಳದಿ ಹೆಕ್ಕಳಿಕೆಯೊಂದು ಮೇಲೆದ್ದಿತು. ಎಳೆದಳು. ಒಣಗಿದ ಕಟಕ್ ರೊಟ್ಟಿಯಂತೆ ಒಂದು ಚಕ್ಕೆ ಕೈಗೆ ಬಂತು, ಇನ್ನೊಂದು ಬಂತು. ಮದುವೆಯಾಗಿ ಬಂದಂದಿನಿಂದ ಶುಕ್ರವಾರಕ್ಕೊಮ್ಮೆ ಅವಳೇ ಎಣ್ಣೆಯಲ್ಲಿ ಕಲಸಿ ಬಳಿದ ಅರಿಷಿಣ, ಪದರದ ಮೇಲೆ ಪದರ ಕೂತು ಗಟ್ಟಿಯಾಗಿತ್ತು.

ಮೆಲ್ಲಗೆ ಬಾಗಿಲು ನೂಕಿದಳು. ಸದ್ದಿಲ್ಲ.

ದ್ಯಾವಪ್ಪ ಚಕ್ಕೆಯನ್ನು ನೋಡಿದ, ಮೂಲೆಯಲ್ಲಿ ಗುಡ್ಡೆಯಾಗಿದ್ದ ಮರದ ಹೊಟ್ಟು ನೋಡಿದ, ಬಾಗಿಲ ಕೆಳಗಿನ ಸಂದಿ ನೋಡಿದ. ಅದರೊಳಗಿಂದ ಪಕೀರಮ್ಮನ ಕೋಳಿಮರಿಯೊಂದು ಅವನನ್ನು ನೋಡಿತು.

“ನಿನ್ನ ಭಕ್ತಿಗೆ ಬಾಗಿಲು ಸಣ್ಣಗಾತಲ್ಲ ಬೇ!”

“ನಾ ಹೊಸ್ತಿಲಕ್ಕ ಹಚ್ಚೀನ್ರೀ, ಬಾಗಲಾ ಹೆರಿ ಅಂದಿದ್ನೇನ?” ಎಂದು ಅವಳು ಚಕ್ಕೆಗಳನ್ನು ಎಲೆಯಲ್ಲಿಟ್ಟು, ನಾಳೆ ಬನ್ನಿಗಿಡದ ಬುಡಕ್ಕೆ ಹಾಕಲೆಂದು ಬಾಗಿಲ ಪಕ್ಕದ ಗೂಡಿನಲ್ಲಿರಿಸಿದಳು. ಅರಿಷಿಣವನ್ನು ತಿಪ್ಪೆಗೆ ಎಸೆಯುವಂತಿಲ್ಲ.

ಸಂಜೆ ಓಣಿಯವರು ಬಂದರು. ಬಾಗಿಲು ಬೆಣ್ಣೆಯಂತೆ ಸರಿಯಿತು. ತಡವಾಗಿ ಬಂದವರು ಬಂದದ್ದೇ ತಿಳಿಯಲಿಲ್ಲ. ಅಮರಯ್ಯತಾತನ ದನಿ ಕಾಲುವೆಯ ನೀರಿನಂತೆ ಒಂದೇ ಸಮನೆ ಹರಿಯಿತು. ರಾಣಿ ಹೆತ್ತಳು, ಮಗು ಬೆಳೆಯಿತು, ರಾಜ್ಯ ಹೋಯಿತು, ಮರಳಿ ಬಂತು. ದ್ಯಾವಪ್ಪ ಬಾಗಿಲಿಗೊರಗಿ ಮೀಸೆ ತಿರುವಿದ. ತಾತ ಮಂಗಳವನ್ನೂ ಹಾಡಿ ಮುಗಿಸಿ, ಕಣ್ಣು ಮುಚ್ಚಿ, ಕೈ ಮುಗಿದು, ಜಯಕಾರಕ್ಕೆ ಕಾದರು.

ಜಯಕಾರ ಬರಲಿಲ್ಲ.

ದ್ಯಾವಪ್ಪ ತಿರುಗಿ ನೋಡಿದ. ಓಣಿಗೆ ಓಣಿಯೇ ಮಲಗಿತ್ತು. ದಿನವೆಲ್ಲ ಸಸಿ ನಾಟಿ ಮಾಡಿ ಬಂದ ಮೈಗಳು. ತಡೆಯಿಲ್ಲದೆ ಹರಿದ ಪುರಾಣ ಜೋಗುಳವಾಗಿತ್ತು. ಪಕೀರಮ್ಮ ಗೋಡೆಗೊರಗಿ ಬಾಯಿ ತೆರೆದಿದ್ದಳು. ಕಳೆದ ವರ್ಷ ಇವರನ್ನೆಲ್ಲ ಎಚ್ಚರವಿಟ್ಟದ್ದು ಯಾರೆಂದು ಅವನಿಗೆ ಈಗ ಹೊಳೆಯಿತು.

ಮನೆಯವರ ಜಯಕಾರ ಲೆಕ್ಕಕ್ಕಿಲ್ಲ. ‘ಏಳ್ರಪ್ಪೋ’ ಎಂದು ಕೂಗಿದರೆ ಕೇಳುವವರೆಲ್ಲ ನಿದ್ದೆ ಹೋಗಿದ್ದರೆಂದು ತಾತನಿಗೆ ಗೊತ್ತಾಗುತ್ತದೆ. ಆ ಮುದಿಜೀವ ನೊಂದುಕೊಂಡೀತು. ಪಕ್ಕದವನನ್ನು ತಿವಿದ, ಅವನು ಮಗ್ಗುಲು ಬದಲಿಸಿದ. ಅಡುಗೆಮನೆಯ ಬಾಗಿಲಲ್ಲಿ ಯಮನೂರಮ್ಮ ಹುಗ್ಗಿಯ ಸೌಟು ಹಿಡಿದು, ಅಳುವ ಮುಖ ಮಾಡಿ ನಿಂತಿದ್ದಳು. ಅವಳ ಕಣ್ಣು ಗೂಡಿನ ಕಡೆ ಹೊರಳಿತು. ಅವನದೂ ಹೊರಳಿತು.

ದ್ಯಾವಪ್ಪ ಎರಡು ಚಕ್ಕೆ ತೆಗೆದು, ಕಣ್ಣಿಗೊತ್ತಿಕೊಂಡು, ಒಂದರ ಮೇಲೊಂದು ಹೊಸ್ತಿಲ ಮೇಲಿಟ್ಟು ಬಾಗಿಲನ್ನು ಬಲವಾಗಿ ನೂಕಿದ.

ಕಿರ್ರ್‌ರ್‌ರ್!

ಓಣಿ ಬೆಚ್ಚಿಬಿದ್ದು ಎದ್ದಿತು. ಎದ್ದವರಿಗೆ ತಾತನ ಮುಗಿದ ಕೈ ಕಂಡಿತು. “ಹರಹರ ಮಹಾದೇವ!” ಎಂದು ಒಂದೇ ದನಿಯಲ್ಲಿ ಕೂಗಿದರು. ಹಿಂದೆಂದೂ ಯಾವ ಮನೆಯಲ್ಲೂ ಅಂಥ ಜಯಕಾರ ಎದ್ದಿರಲಿಲ್ಲ.

ತಾತ ಕಣ್ಣು ತೆರೆದರು. ಕಣ್ಣಂಚು ಒದ್ದೆಯಾಗಿತ್ತು. “ಎಷ್ಟು ಮೈಮರೆತು ಕೇಳಿದ್ರಪಾ! ಒಬ್ಬರಾದ್ರೂ ಕೆಮ್ಮಲಿಲ್ಲ” ಎಂದರು.

ಹುಗ್ಗಿಯ ಬಟ್ಟಲು ಹಿಡಿದು ಹೊರಟ ಪಕೀರಮ್ಮ ಬಾಗಿಲಲ್ಲಿ ನಿಂತಳು. “ಯಾವ ಎಣ್ಣಿ ಹಾಕಿದಿ ದ್ಯಾವಣ್ಣ? ಪುರಾಣ ಮುಗಿಯೋ ತನಕ ಸುಮ್ಕಿದ್ದು, ಮಂಗಳಕ್ಕ ಸರಿಯಾಗಿ ಕೂಗಿತಲ್ಲ! ನಮ್ಮನಿ ಬಾಗಲಕ್ಕೂ ಒಂದೀಟು ಕಲಸಪ.”

ದ್ಯಾವಪ್ಪ ಹೆಂಡತಿಯ ಮುಖ ನೋಡಿದ.

“ಅದು ಒಂದಿನದಾಗ ಆಗೂದಲ್ಲವ್ವ” ಎಂದಳು ಯಮನೂರಮ್ಮ. “ಶುಕ್ರವಾರ ಶುಕ್ರವಾರ ಹಚ್ಚಬೇಕು.”