ದಾರ ಕಟ್ಟಿದ ಪುಟ

ನಾನು ಅಚ್ಚುಮೊಳೆಗಳ ಪೆಟ್ಟಿಗೆ. ಗದಗಿನ ಬಡಿಗೇರ ಮೌನೇಶಪ್ಪ ನನ್ನನ್ನು ಸಾಗವಾನಿಯಲ್ಲಿ ಮಾಡಿ, ಹೊಟ್ಟೆ ತುಂಬ ಪುಟ್ಟ ಪುಟ್ಟ ಮನೆಗಳನ್ನಿಟ್ಟ. ಮನೆಗೊಂದು ಸೀಸದ ಅಕ್ಷರ.

ಅಚ್ಚುಕೂಟದಲ್ಲಿ ಹುಲಿಗೆವ್ವ ನನ್ನ ಮುಂದೆ ಇಪ್ಪತ್ತೆರಡು ವರ್ಷ ನಿಂತು ಮೊಳೆ ಜೋಡಿಸಿದಳು. ಕಣ್ಣು ಬರೆಹದ ಮೇಲೆ, ಕೈ ನನ್ನೊಳಗೆ. ನಾಲ್ಕು ಸಾಲಾದರೆ ಸಾಕು, ಜೋಡಿಸಿದ ಮೊಳೆಗಳ ಸುತ್ತ ದಾರ ಬಿಗಿಯುವಳು. ಆ ಬೆರಳುಗಳ ಬಿಸುಪು ನನ್ನ ಕಟ್ಟಿಗೆಯಲ್ಲಿ ಇನ್ನೂ ಇದೆ.

ಆಮೇಲೆ ಕಂಪ್ಯೂಟರ್ ಬಂತು. ಸೀಸವನ್ನು ಗುಜರಿಗೆ ಹಾಕಿದರು, ನನ್ನನ್ನು ಮಹಡಿಯ ಕಂಪ್ಯೂಟರ್ ಕ್ಲಾಸಿನ ಮೂಲೆಗೆ ಎಸೆದರು. ಮೂರು ತಿಂಗಳಲ್ಲಿ ಕಲಿತು ಪರೀಕ್ಷೆ ಪಾಸಾದರೆ ಮಾತ್ರ ಕೆಲಸ ಎಂದ ಮಾಲೀಕ. ಹುಲಿಗೆವ್ವ ಹುಡುಗರ ನಡುವೆ ಬಂದು ಕೂತಳು.

ಪುಸ್ತಕದಲ್ಲಿ ಬರೆದಿತ್ತು: ‘ಸೇವ್ ಎಂದರೆ ದತ್ತಾಂಶವನ್ನು ಶಾಶ್ವತ ಸ್ಮೃತಿಕೋಶಕ್ಕೆ ವರ್ಗಾಯಿಸುವ ಪ್ರಕ್ರಿಯೆ.’ ತಿಳಿಯದ ಒಂದು ಮಾತಿನ ಮೇಲೆ ತಿಳಿಯದ ಮೂರು ಮಾತು ಹೇರುವವರಿಗೆ ಪುಸ್ತಕ ಬರೆಯಲು ಹೇಳಿದವರಾರು? ಓದಿದವರು ಓದಿದವರಿಗಾಗಿ ಬರೆಯುತ್ತಾರೆ, ಓದದವರನ್ನು ದಡ್ಡರು ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯಿತು.

ಹುಲಿಗೆವ್ವ ಪುಸ್ತಕ ಮುಚ್ಚಿ, ನಾಳೆಯಿಂದ ಬರುವುದಿಲ್ಲ ಎಂದಳು. ಕಲಿಸುವ ಮಾಬೂಸಾಬ ಅವಳನ್ನು ತಡೆದು, ಹಳೆಯ ಕೆಲಸ ಹೇಗೆ ಮಾಡುತ್ತಿದ್ದೆ ತೋರಿಸು ಎಂದ. ಅವಳು ನನ್ನನ್ನು ಎಳೆದುಕೊಂಡಳು. ಖಾಲಿ ಮನೆಗಳಲ್ಲಿ ಬೆರಳು ತಪ್ಪದೆ ಓಡಾಡಿತು. ನಾಲ್ಕು ಸಾಲಿಗೊಮ್ಮೆ ದಾರ ಎಂದಳು. ಯಾಕೆ ಎಂದು ಅವನು ಕೇಳಿದ.

“ಕಟ್ಟದಿದ್ರ ಮೊಣಕೈ ತಾಗಿ ಎಲ್ಲಾ ಚೆಲ್ಲಿ ಹೋಗತಾವಲ್ರಿ ಮಾಸ್ತರ. ಇಷ್ಟೂ ಗೊತ್ತಿಲ್ಲೇನು ನಿಮಗ?”

ಹುಡುಗರು ನಕ್ಕರು. ಮಾಬೂಸಾಬನೂ ನಕ್ಕ. “ಸೇವ್ ಅಂದ್ರ ಅದ ಯಕ್ಕಾ, ದಾರ ಕಟ್ಟೂದು.”

ಪರೀಕ್ಷೆಯ ದಿನ ನಡುವೆಯೇ ಕರೆಂಟು ಹೋಯಿತು. ಮತ್ತೆ ಬಂದಾಗ ಹುಡುಗರ ಪುಟಗಳೆಲ್ಲ ಮಾಯ. ಹುಲಿಗೆವ್ವ ಕಳೆದುಕೊಂಡದ್ದು ಒಂದೂವರೆ ಸಾಲು. ನಾಲ್ಕು ಸಾಲಿಗೊಮ್ಮೆ ದಾರ ಕಟ್ಟಿದ್ದಳಲ್ಲ! ಕೆಲಸ ಉಳಿಯಿತು. ಮಾಬೂಸಾಬ ಆ ಪುಸ್ತಕ ಬದಿಗಿಟ್ಟು, ಅವಳನ್ನೇ ಕೇಳಿ ಕೇಳಿ ಹೊಸ ಪಾಠ ಬರೆದ.

ಹುಲಿಗೆವ್ವ ಈಗಿಲ್ಲ. ನಾನು ಮೇಜಿನ ಕೆಳಗೆ, ಸತ್ತ ಮೌಸುಗಳ ಜೊತೆ. ಮೊನ್ನೆ ಒಬ್ಬಳು ಹುಡುಗಿ ಆ ಪಾಠದಲ್ಲಿ ‘ಸೇವ್ ಎಂದರೆ ಪುಟಕ್ಕೆ ದಾರ ಕಟ್ಟುವುದು’ ಎಂದು ಓದಿ ತಡೆದು ನಿಂತಳು.

“ಸರ, ಪುಟಕ್ಕ ದಾರ ಯಾಕ ಕಟ್ಟತಿದ್ರು?”

ನಮ್ಮ ಮಾತೂ ತಿಳಿಯದ ಮಾತಾಯಿತಲ್ಲ! ಮಾಬೂಸಾಬ ಸಿಡುಕಲಿಲ್ಲ. ಬಗ್ಗಿ ನನ್ನನ್ನು ಹೊರಗೆಳೆದು ಧೂಳು ಊದಿದ. ಮೂಲೆಯ ಮನೆಯಲ್ಲಿ ಹುಲಿಗೆವ್ವ ಬಿಟ್ಟ ಗೇಣುದ್ದ ದಾರ ಹಾಗೇ ಇತ್ತು.

“ಬಾ ತಂಗಿ, ಕೈ ಇಡು ಇಲ್ಲಿ,” ಎಂದ.